ಲವಂಗದ ದ್ವೀಪಗಳ ಮನೆಮಾತು

ಪಲಾವಿಗೆ ಹಾಕುವ ಒಂದು ಲವಂಗವನ್ನು ಅಂಗೈಯಲ್ಲಿಟ್ಟು ನೋಡಿ. ಪುಟ್ಟ ಮೊಳೆಯಂತೆ ಕಾಣುವ ಅದು ಕಾಯಿಯಲ್ಲ, ಬೀಜವೂ ಅಲ್ಲ. ಅರಳುವ ಮೊದಲೇ ಕೊಯ್ದು ಬಿಸಿಲಿನಲ್ಲಿ ಒಣಗಿಸಿದ ಹೂಮೊಗ್ಗು. ಇಂದು ಲವಂಗ ಮಡಗಾಸ್ಕರ್, ಜಾಂಜಿಬಾರ್, ಶ್ರೀಲಂಕಾಗಳಲ್ಲಿ ಬೆಳೆಯುತ್ತದೆ. ನಮ್ಮ ಪಶ್ಚಿಮ ಘಟ್ಟದ ಕೆಲವು ತೋಟಗಳಲ್ಲೂ ಉಂಟು. ಆದರೆ ಸುಮಾರು 1770ರವರೆಗೆ ಲೋಕಕ್ಕೆಲ್ಲ ಲವಂಗ ಬರುತ್ತಿದ್ದುದು ಒಂದೇ ಕಡೆಯಿಂದ: ಇಂಡೊನೇಷ್ಯದ ಪೂರ್ವದಲ್ಲಿರುವ ಮಲುಕು ದ್ವೀಪಗಳಿಂದ. ಅವುಗಳಲ್ಲೂ ಈ ಮರದ ತವರು ಟೆರ್ನಾಟೆ, ಟಿಡೋರೆ, ಮೋಟಿ, ಮಕಿಯಾನ್ ಮುಂತಾದ ಬೆರಳೆಣಿಕೆಯ ಚಿಕ್ಕ ದ್ವೀಪಗಳು.

ಈ ದ್ವೀಪಗಳಿಗಾಗಿ ಪೋರ್ಚುಗೀಸರು, ಸ್ಪೇನಿನವರು, ಡಚ್ಚರು ಕಾದಾಡಿದ ಕತೆ ನಮ್ಮ ಇತಿಹಾಸದ ಪಾಠಗಳಲ್ಲಿ ಬರುತ್ತದೆ. ಯಾವ ನಾವಿಕ ಯಾವ ವರ್ಷ ಬಂದ, ಯಾವ ಕೋಟೆ ಯಾರ ಕೈಸೇರಿತು ಎಂಬುದನ್ನು ಬಾಯಿಪಾಠ ಮಾಡುತ್ತೇವೆ. ಆದರೆ ಒಂದು ಸಣ್ಣ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಲವಂಗದ ಮರ ಹತ್ತಿ ಮೊಗ್ಗು ಕೊಯ್ಯುತ್ತಿದ್ದ ಜನ ಮನೆಯಲ್ಲಿ ಯಾವ ಮಾತು ಆಡುತ್ತಿದ್ದರು? ಇದರ ಉತ್ತರ ಹುಡುಕಹೊರಟರೆ ಅಪರೂಪದ ಒಂದು ಭಾಷಾಕುಟುಂಬದ ಪರಿಚಯವಾಗುತ್ತದೆ. ಅದರ ಹೆಸರು ಉತ್ತರ ಹಾಲ್ಮಹೇರಾ ಕುಟುಂಬ. ಅದೊಂದು ಪಪುವನ್ ಭಾಷಾಕುಟುಂಬ.

ನಕ್ಷೆಯಲ್ಲಿ ಎಲ್ಲಿದೆ?

ಅಟ್ಲಾಸ್ ತೆಗೆದು ಸುಲವೇಸಿ ಮತ್ತು ನ್ಯೂಗಿನಿ ದ್ವೀಪಗಳ ನಡುವಿನ ಸಮುದ್ರವನ್ನು ನೋಡಿ. ಭೂಮಧ್ಯರೇಖೆಯ ಮೇಲೆ, ನಾಲ್ಕು ತೋಳುಗಳನ್ನು ಚಾಚಿದಂತೆ ಒಂದು ವಿಚಿತ್ರ ಆಕಾರದ ದ್ವೀಪ ಕಾಣುತ್ತದೆ. ಅದು ಹಾಲ್ಮಹೇರಾ. ವಿಸ್ತೀರ್ಣ ಸುಮಾರು 18,000 ಚದರ ಕಿಲೋಮೀಟರ್. ಅದರ ಪಶ್ಚಿಮ ತೀರಕ್ಕೆ ಅಂಟಿಕೊಂಡಂತೆ ಸಾಲಾಗಿ ಕೆಲವು ಚುಕ್ಕೆಗಳಿವೆ. ಅವೇ ಲವಂಗದ ದ್ವೀಪಗಳು. ಒಂದೊಂದು ಚುಕ್ಕೆಯೂ ಸಮುದ್ರದಿಂದ ಮೇಲೆದ್ದ ಒಂದು ಜ್ವಾಲಾಮುಖಿ. ಟೆರ್ನಾಟೆಯ ಗಮಲಾಮ ಪರ್ವತದ ಎತ್ತರ 1,700 ಮೀಟರಿಗೂ ಹೆಚ್ಚು. ದ್ವೀಪದ ಅಗಲವಾದರೋ ಸುಮಾರು 10 ಕಿಲೋಮೀಟರ್ ಅಷ್ಟೆ. ಅಂದರೆ ದ್ವೀಪವೆಂದರೆ ಬೆಟ್ಟ, ಬೆಟ್ಟವೆಂದರೆ ದ್ವೀಪ.

ಅಲ್ಲಿಯ ಜನ ತಮ್ಮ ನಾಡನ್ನು ‘ಮೊಲೊಕು ಕಿಯೆ ರಾಹ’ ಎಂದು ಕರೆದರು. ಟೆರ್ನಾಟೆ ಭಾಷೆಯಲ್ಲಿ ‘ಕಿಯೆ’ ಎಂದರೆ ಬೆಟ್ಟ, ‘ರಾಹ’ ಎಂದರೆ ನಾಲ್ಕು. ನಾಲ್ಕು ಬೆಟ್ಟಗಳ ಮಲುಕು ಎಂದರ್ಥ. ನಾಲ್ಕು ಬೆಟ್ಟಗಳೆಂದರೆ ನಾಲ್ಕು ರಾಜ್ಯಗಳು: ಟೆರ್ನಾಟೆ, ಟಿಡೋರೆ, ಜೈಲೋಲೊ, ಬಚಾನ್.

ಟೆರ್ನಾಟೆ ಮತ್ತು ಟಿಡೋರೆ ಭಾಷೆಗಳು ಒಂದೇ ಮನೆಯ ಮಕ್ಕಳು. ಹಾಲ್ಮಹೇರಾದ ಉತ್ತರ ಭಾಗದಲ್ಲಿ ಅವುಗಳ ಒಡಹುಟ್ಟುಗಳಿವೆ: ಗಲೇಲಾ, ಟೊಬೆಲೊ, ಲೊಲೋಡಾ, ತಬಾರು, ಮೊಡೋಲೆ, ಪಾಗು, ಸಾಹು. ಮಕಿಯಾನ್ ದ್ವೀಪದ ಪಶ್ಚಿಮ ಭಾಗದ ಮಾತು ಕೂಡ ಇದೇ ಕುಟುಂಬದ್ದು. ವಿಚಿತ್ರವೆಂದರೆ, ಅದೇ ಪುಟ್ಟ ದ್ವೀಪದ ಪೂರ್ವ ಭಾಗದವರು ಆಡುವ ತಾಬಾ ಭಾಷೆ ಬೇರೊಂದು ಕುಟುಂಬಕ್ಕೆ ಸೇರಿದ್ದು. ಒಂದೇ ಬೆಟ್ಟದ ಎರಡು ಮಗ್ಗುಲುಗಳಲ್ಲಿ ಎರಡು ಭಾಷಾಕುಟುಂಬಗಳು!

‘ಪಪುವನ್’ ಎಂದರೇನು?

ಈ ಬೇರೆ ಕುಟುಂಬ ಆಸ್ಟ್ರೊನೇಷ್ಯನ್. ಮಲಯ, ಜಾವಾನೀಸ್, ಫಿಲಿಪೀನ್ಸಿನ ಟಾಗಲೊಗ್, ದೂರದ ಹವಾಯಿ ದ್ವೀಪಗಳ ಭಾಷೆ, ಆಫ್ರಿಕದ ಪಕ್ಕದ ಮಡಗಾಸ್ಕರಿನ ಮಲಗಾಸಿ ಎಲ್ಲವೂ ಇದಕ್ಕೆ ಸೇರುತ್ತವೆ. ಸುಮಾರು 5,000 ವರ್ಷಗಳ ಹಿಂದೆ ತೈವಾನಿನ ಕಡೆಯಿಂದ ದೋಣಿ ಏರಿ ಹೊರಟ ಜನರ ಭಾಷೆಗಳ ಸಂತತಿ ಇವು. ದಾರಿಯಲ್ಲಿದ್ದ ದ್ವೀಪಗಳ ಬಹುಪಾಲು ಹಳೆಯ ಭಾಷೆಗಳು ಈ ಅಲೆಯಲ್ಲಿ ಕೊಚ್ಚಿಹೋದವು.

ಈ ಪ್ರದೇಶದಲ್ಲಿ ಆಸ್ಟ್ರೊನೇಷ್ಯನ್ ಅಲ್ಲದ, ಆಸ್ಟ್ರೇಲಿಯದ ಮೂಲನಿವಾಸಿಗಳ ಭಾಷೆಗಳಿಗೂ ಸೇರದ ನೂರಾರು ಭಾಷೆಗಳಿವೆ. ನ್ಯೂಗಿನಿ ಮತ್ತು ಸುತ್ತಲಿನ ದ್ವೀಪಗಳಲ್ಲಿರುವ ಇಂಥ ಸುಮಾರು 800 ಭಾಷೆಗಳಿಗೆ ಒಟ್ಟಾಗಿ ಪಪುವನ್ ಎನ್ನುತ್ತಾರೆ. ಇಲ್ಲಿ ಒಂದು ಎಚ್ಚರ ಬೇಕು. ಪಪುವನ್ ಎಂಬುದು ಒಂದೇ ಕುಟುಂಬದ ಹೆಸರಲ್ಲ. ವಿಜ್ಞಾನದ ವಿದ್ಯಾರ್ಥಿಗಳಿಗೆ ಹೇಳುವುದಾದರೆ, ಬೆನ್ನುಮೂಳೆ ಇಲ್ಲದ ಪ್ರಾಣಿಗಳನ್ನೆಲ್ಲ ‘ಅಕಶೇರುಕಗಳು’ ಎಂದು ಒಟ್ಟುಮಾಡುವಂತೆ. ಎರೆಹುಳು, ಜೇಡ, ಶಂಖದಹುಳು ಮೂರೂ ಅಕಶೇರುಕಗಳೇ. ಆದರೆ ಅವು ಹತ್ತಿರದ ನೆಂಟರಲ್ಲ. ಹಾಗೆಯೇ ಪಪುವನ್ ಎಂಬ ಹೆಸರಿನ ಕೆಳಗೆ ಹತ್ತಾರು ಪ್ರತ್ಯೇಕ ಕುಟುಂಬಗಳಿವೆ. ಉತ್ತರ ಹಾಲ್ಮಹೇರಾ ಅವುಗಳಲ್ಲಿ ಒಂದು. ನ್ಯೂಗಿನಿಯ ಪಶ್ಚಿಮ ತುದಿಯಲ್ಲಿ ಹಕ್ಕಿಯ ತಲೆಯಂತೆ ಚಾಚಿಕೊಂಡಿರುವ ಪರ್ಯಾಯ ದ್ವೀಪದ ಕೆಲವು ಭಾಷೆಗಳ ಜೊತೆ ಇದಕ್ಕೆ ದೂರದ ನಂಟಿದೆಯೆಂದು ಕೆಲವು ತಜ್ಞರು ವಾದಿಸಿದ್ದಾರೆ; ಎಲ್ಲರೂ ಅದನ್ನು ಒಪ್ಪಿಲ್ಲ.

ಹಾಗಾದರೆ ಕುಟುಂಬವೊಂದನ್ನು ಗುರುತಿಸುವುದು ಹೇಗೆ? ಕನ್ನಡ, ತಮಿಳು, ತೆಲುಗು, ತುಳು ಒಂದೇ ಕುಟುಂಬದವು ಎಂದು ತಿಳಿದದ್ದು ಹೇಗೋ ಹಾಗೆಯೇ. 1856ರಲ್ಲಿ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದಾಗ, ದಿನಬಳಕೆಯ ಮೂಲಪದಗಳನ್ನೂ ವ್ಯಾಕರಣದ ಪ್ರತ್ಯಯಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದ. ಹಾಲ್ಮಹೇರಾದಲ್ಲೂ ಹಾಗೆ ಮಾಡಿ. ನೀರಿಗೆ ಟೆರ್ನಾಟೆ, ಟಿಡೋರೆ, ಗಲೇಲಾ ಭಾಷೆಗಳಲ್ಲಿ ‘ಅಕೆ’, ಟೊಬೆಲೊದಲ್ಲಿ ‘ಅಕೆರೆ’. ‘ಲಾಮೊ’ ಎಂದರೆ ದೊಡ್ಡದು. ಆದ್ದರಿಂದ ಹಾಲ್ಮಹೇರಾದಲ್ಲಿ ‘ಅಕೆಲಾಮೊ’ ಎಂಬ ಊರಹೆಸರು ಕಂಡರೆ ಅದು ‘ದೊಡ್ಡ ನೀರು’, ನಮ್ಮ ದೊಡ್ಡಹಳ್ಳದಂತೆ. ಅರಸರು ಹೋಗಬಹುದು, ಧರ್ಮ ಬದಲಾಗಬಹುದು. ಊರಿನ ಹೆಸರು ಮಾತ್ರ ಹಳೆಯ ಮನೆಮಾತಿನ ಗುರುತನ್ನು ಬಚ್ಚಿಟ್ಟುಕೊಂಡಿರುತ್ತದೆ.

ಈ ಭಾಷೆಗಳ ಒಳಹೊಕ್ಕಾಗ

ಕನ್ನಡ ವರ್ಣಮಾಲೆಯಲ್ಲಿ ನಾವೆಲ್ಲ ‘ಕ ಖ ಗ ಘ ಙ’ ಎಂದು ಕಲಿತಿದ್ದೇವೆ. ಆದರೆ ‘ಙ’ದಿಂದ ಆರಂಭವಾಗುವ ಪದ ಹೇಳಿ ಎಂದರೆ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಟೆರ್ನಾಟೆಯ ಮಗುವಿಗೆ ಆ ಕಷ್ಟವಿಲ್ಲ. ‘ನಾನು’ ಎಂಬುದಕ್ಕೆ ಅಲ್ಲಿ ‘ಙೋರಿ’ ಎನ್ನುತ್ತಾರೆ.

ಅಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ. ಕೇಳುತ್ತಿರುವ ನಿನ್ನನ್ನೂ ಸೇರಿಸಿಕೊಂಡ ನಾವು ‘ಙೋನೆ’. ನಿನ್ನನ್ನು ಬಿಟ್ಟ ನಾವು ‘ಙೋಮಿ’. ಕನ್ನಡದಲ್ಲಿ ಈ ಭೇದವಿಲ್ಲ. ಆದರೆ ತುಳುವಿನ ‘ನಮ’ ಮತ್ತು ‘ಎಂಕುಳು’, ತೆಲುಗಿನ ‘ಮನಮು’ ಮತ್ತು ‘ಮೇಮು’ ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ.

ಇನ್ನೂ ಒಂದು ಹೋಲಿಕೆ ಇದೆ. ‘ಹೋದನು, ಹೋದಳು, ಹೋಯಿತು’ ಎನ್ನುವಾಗ ನಮ್ಮ ಕ್ರಿಯಾಪದದ ಬಾಲವೇ ಹೋದದ್ದು ಗಂಡೋ ಹೆಣ್ಣೋ ವಸ್ತುವೋ ಎಂಬುದನ್ನು ಹೇಳಿಬಿಡುತ್ತದೆ. ಗಲೇಲಾ, ಟೊಬೆಲೊಗಳಲ್ಲಿ ಈ ಗುರುತು ಕ್ರಿಯಾಪದದ ತಲೆಯಲ್ಲಿ ಬರುತ್ತದೆ. ‘ತಗಿ’ ಎಂದರೆ ಹೋಗು. ನಾನಾದರೆ ‘ತೊ’, ಅವನಾದರೆ ‘ವೊ’, ಅವಳಾದರೆ ‘ಮೊ’ ಎಂಬುದು ಅದರ ಮುಂದೆ ಸೇರುತ್ತದೆ. ಈ ಎರಡು ಭಾಷೆಗಳಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದೂ ನಮ್ಮಂತೆಯೇ. ‘ಅವನು ಮೀನು ತಿಂದ’ ಎಂಬ ಕ್ರಮ ಅವರಿಗೂ ಸಹಜ.

ಇದನ್ನು ಓದಿ, ಕನ್ನಡಕ್ಕೂ ಹಾಲ್ಮಹೇರಾಕ್ಕೂ ರಕ್ತಸಂಬಂಧ ಇದೆಯೆಂದು ಯಾರೂ ಹಿಗ್ಗಬೇಕಾಗಿಲ್ಲ. ಬಾವಲಿಗೂ ಹಕ್ಕಿಗೂ ರೆಕ್ಕೆಯಿದೆ. ಆದರೂ ಬಾವಲಿ ಹಕ್ಕಿಯಲ್ಲ. ವಾಕ್ಯ ಕಟ್ಟುವ ದಾರಿಗಳು ಲೋಕದಲ್ಲಿ ಕೆಲವೇ ಇರುವುದರಿಂದ ದೂರದ ಭಾಷೆಗಳೂ ಒಮ್ಮೊಮ್ಮೆ ಒಂದೇ ದಾರಿ ಹಿಡಿಯುತ್ತವೆ. ನಂಟು ಸಾಬೀತಾಗಲು ಮೂಲಪದಗಳಲ್ಲಿ ಧ್ವನಿಗಳು ನಿಯಮಬದ್ಧವಾಗಿ ಹೊಂದಿಕೊಳ್ಳಬೇಕು.

ದಿಕ್ಕು ಹೇಳುವ ಬಗೆಯೂ ಸ್ವಾರಸ್ಯಕರ. ಈ ದ್ವೀಪಗಳಲ್ಲಿ ಎಡ, ಬಲಕ್ಕಿಂತ ಹೆಚ್ಚಾಗಿ ಸಮುದ್ರದ ಕಡೆ, ನೆಲದ ಕಡೆ, ಮೇಲಕ್ಕೆ, ಕೆಳಕ್ಕೆ ಎಂಬ ಮಾತುಗಳು ಬಳಕೆಯಲ್ಲಿವೆ. ನಮ್ಮ ಕರಾವಳಿಯವರು ‘ಘಟ್ಟದ ಮೇಲೆ’, ‘ಘಟ್ಟದ ಕೆಳಗೆ’ ಎನ್ನುವುದಿಲ್ಲವೆ? ನೆಲದ ರೂಪ ಮಾತಿನೊಳಗೆ ಇಳಿಯುವುದು ಹೀಗೆ.

ಪಪುವನ್ ಭಾಷೆಯ ಸುಲ್ತಾನರು

ಪಪುವನ್ ಭಾಷೆಗಳೆಂದರೆ ಕಣಿವೆಗಳಲ್ಲಿ, ಹೊರಜಗತ್ತಿನ ಸಂಪರ್ಕವಿಲ್ಲದ ಸಣ್ಣ ಗುಂಪುಗಳು ಆಡುವ ಮಾತು ಎಂಬ ಭಾವನೆ ಸಾಮಾನ್ಯ. ಟೆರ್ನಾಟೆ, ಟಿಡೋರೆಗಳ ಇತಿಹಾಸ ಅದನ್ನು ಸುಳ್ಳಾಗಿಸುತ್ತದೆ. ಇಲ್ಲಿ ಪಪುವನ್ ಭಾಷೆ ಆಡುವ ಅರಸರಿದ್ದರು, ನೌಕಾಪಡೆ ಇತ್ತು, ದೇಶಾಂತರ ವ್ಯಾಪಾರವಿತ್ತು. ಅರಸನನ್ನು ‘ಕೊಲಾನೊ’ ಎನ್ನುತ್ತಿದ್ದರು. 15ನೆಯ ಶತಮಾನದಲ್ಲಿ ಇಸ್ಲಾಂ ಇಲ್ಲಿಗೆ ಬಂದಿತು. 1486ರಲ್ಲಿ ಪಟ್ಟಕ್ಕೆ ಬಂದ ಟೆರ್ನಾಟೆಯ ಜೈನಲ್ ಆಬಿದಿನ್ ಸುಲ್ತಾನ ಎಂಬ ಬಿರುದು ಧರಿಸಿದ. ಟಿಡೋರೆಯ ಅಧಿಕಾರ ಪೂರ್ವಕ್ಕೆ ನ್ಯೂಗಿನಿಯ ತೀರದವರೆಗೆ ಚಾಚಿತ್ತು. ಗುಜರಾತ್ ಮತ್ತು ಕೋರಮಂಡಲ ತೀರದ ಹತ್ತಿಬಟ್ಟೆ ಮಲಾಕಾ ಬಂದರಿನ ಮೂಲಕ ಈ ದ್ವೀಪಗಳಿಗೆ ಹೋಗುತ್ತಿತ್ತು. ಬದಲಿಗೆ ಲವಂಗ ಹೊರಬರುತ್ತಿತ್ತು.

1512ರಲ್ಲಿ ಫ್ರಾನ್ಸಿಸ್ಕೊ ಸೆರಾವ್ ಎಂಬ ಪೋರ್ಚುಗೀಸ ಟೆರ್ನಾಟೆ ತಲುಪಿ, ಸುಲ್ತಾನನ ಸಲಹೆಗಾರನಾಗಿ ಅಲ್ಲೇ ನೆಲೆಸಿದ. ಅವನು ತನ್ನ ಗೆಳೆಯ ಮೆಗಲನ್‌ಗೆ ಪತ್ರಗಳನ್ನು ಬರೆದ. ಆ ಪತ್ರಗಳ ಪ್ರೇರಣೆಯೂ ಸೇರಿ ಮೆಗಲನ್ ಸ್ಪೇನಿನ ಹಡಗುಗಳೊಂದಿಗೆ ಪಶ್ಚಿಮದ ದಾರಿ ಹಿಡಿದ. ಮೆಗಲನ್ 1521ರ ಏಪ್ರಿಲಿನಲ್ಲಿ ಫಿಲಿಪೀನ್ಸಿನಲ್ಲಿ ಹತನಾದ. ಉಳಿದ ಎರಡು ಹಡಗುಗಳು ಅದೇ ವರ್ಷ ನವೆಂಬರ್ 8ರಂದು ಟಿಡೋರೆಗೆ ಬಂದವು. ಅವುಗಳಲ್ಲಿ ಒಂದಾದ ‘ವಿಕ್ಟೋರಿಯಾ’ ಲವಂಗ ತುಂಬಿಕೊಂಡು 1522ರ ಸೆಪ್ಟೆಂಬರಿನಲ್ಲಿ 18 ಮಂದಿಯೊಂದಿಗೆ ಸ್ಪೇನಿಗೆ ಮರಳಿತು. ಭೂಮಿಯನ್ನು ಸುತ್ತಿಬಂದ ಮೊದಲ ಹಡಗು ಅದು. ಈ ದ್ವೀಪಗಳು ಯಾರ ಪಾಲಿಗೆ ಎಂಬ ಜಗಳ 1529ರಲ್ಲಿ ಜರಗೋಜಾ ಒಪ್ಪಂದದಲ್ಲಿ ಮುಗಿಯಿತು. ಸ್ಪೇನಿನ ದೊರೆ 3,50,000 ಡುಕಾಟ್ ನಾಣ್ಯಗಳಿಗೆ ತನ್ನ ಹಕ್ಕನ್ನು ಪೋರ್ಚುಗಲ್ಲಿಗೆ ಬಿಟ್ಟುಕೊಟ್ಟ. ದ್ವೀಪದವರನ್ನು ಮಾತ್ರ ಯಾರೂ ಕೇಳಲಿಲ್ಲ.

ಇಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದ ಒಂದು ಸಂಗತಿ ಇದೆ. ಆ ಹಡಗಿನಲ್ಲಿದ್ದ ಪಿಗಾಫೆಟ್ಟಾ ಎಂಬ ಇಟಲಿಯವನು ಪ್ರಯಾಣದ ವೃತ್ತಾಂತದ ಜೊತೆಗೆ ಈ ಭಾಗದ ಜನರ ನೂರಾರು ಪದಗಳ ಪಟ್ಟಿಯನ್ನೂ ಬರೆದಿಟ್ಟ. ಅದನ್ನು ಇಂದು ಪರಿಶೀಲಿಸಿದರೆ ಅವು ಟಿಡೋರೆ ಭಾಷೆಯ ಪದಗಳಲ್ಲ, ಮಲಯದ ಪದಗಳು. ಅದೇ ಕಾಲದಲ್ಲಿ, 1521 ಮತ್ತು 1522ರಲ್ಲಿ, ಟೆರ್ನಾಟೆಯ ಬಾಲಸುಲ್ತಾನ ಅಬು ಹಯಾತ್ ಪೋರ್ಚುಗಲ್ಲಿನ ದೊರೆಗೆ ಎರಡು ಪತ್ರ ಕಳುಹಿಸಿದ. ಅವು ಅರಬ್ಬಿ ಲಿಪಿಯಲ್ಲಿ ಬರೆದ ಮಲಯ ಪತ್ರಗಳು. ಇಂದಿಗೂ ಲಿಸ್ಬನ್ನಿನ ದಾಖಲೆ ಭಂಡಾರದಲ್ಲಿವೆ. ಉಳಿದುಬಂದಿರುವ ಅತ್ಯಂತ ಹಳೆಯ ಮಲಯ ಪತ್ರಗಳಲ್ಲಿ ಅವಕ್ಕೆ ಸ್ಥಾನವಿದೆ.

ಅಂದರೆ ಏನಾಯಿತು? ಸಂತೆಯ ಮಾತು ಮಲಯ, ಅರಮನೆಯ ಓಲೆಯ ಮಾತು ಮಲಯ. ಹೊರಗಿನಿಂದ ಬಂದವನ ಕಿವಿಗೆ ಬಿದ್ದದ್ದು ಅದೊಂದೇ. ಮನೆಯ ಮಾತು ಮನೆಯೊಳಗೇ ಉಳಿಯಿತು. ಬರೆದಿಟ್ಟ ದಾಖಲೆಯನ್ನಷ್ಟೇ ನಂಬಿದರೆ ಈ ದ್ವೀಪದವರು ಮಲಯ ಭಾಷಿಕರೆಂದೇ ತಿಳಿಯಬೇಕಾಗುತ್ತಿತ್ತು.

ಗೋವೆಯ ದಾರಿ

ಪೋರ್ಚುಗೀಸರ ಪೂರ್ವದ ರಾಜಧಾನಿ ನಮ್ಮ ನೆರೆಯ ಗೋವೆ. ಟೆರ್ನಾಟೆಯ ಕೋಟೆಯೂ ಗೋವೆಯ ಅಧಿಕಾರಕ್ಕೆ ಒಳಪಟ್ಟಿತ್ತು. 1535ರಲ್ಲಿ ಸುಲ್ತಾನ ತಬಾರಿಜಿಯನ್ನು ಸೆರೆಹಿಡಿದು ಗೋವೆಗೆ ಕಳುಹಿಸಿದರು. ಅಲ್ಲಿ ಅವನು ಕ್ರೈಸ್ತನಾಗಿ ಡೊಮ್ ಮ್ಯಾನುಯೆಲ್ ಎಂಬ ಹೆಸರು ಪಡೆದ. ಊರಿಗೆ ಮರಳುವ ದಾರಿಯಲ್ಲಿ 1545ರಲ್ಲಿ ಮಲಾಕಾದಲ್ಲಿ ತೀರಿಕೊಂಡ. ಅವನ ಬದಲು ಪಟ್ಟದಲ್ಲಿದ್ದ ಹೈರುನ್‌ನನ್ನೂ ಗೋವೆಗೆ ಕರೆತಂದು ಮತ್ತೆ ಕಳುಹಿಸಲಾಯಿತು. ಇಂದು ಗೋವೆಯಲ್ಲಿ ಯಾರ ಪಾರ್ಥಿವ ಶರೀರದ ದರ್ಶನಕ್ಕೆ ಜನ ಸೇರುತ್ತಾರೋ ಆ ಫ್ರಾನ್ಸಿಸ್ ಕ್ಸೇವಿಯರ್ 1546-47ರಲ್ಲಿ ಟೆರ್ನಾಟೆಯಲ್ಲಿಯೂ ಹಾಲ್ಮಹೇರಾದ ಉತ್ತರದಲ್ಲಿಯೂ ಧರ್ಮಪ್ರಚಾರ ಮಾಡಿದ್ದರು.

1570ರಲ್ಲಿ ಪೋರ್ಚುಗೀಸರು ಸುಲ್ತಾನ ಹೈರುನ್‌ನನ್ನು ಕೋಟೆಗೆ ಕರೆಸಿಕೊಂಡು ಕೊಂದರು. ಮಗ ಬಾಬುಲ್ಲಾ ಕೋಟೆಗೆ ಮುತ್ತಿಗೆ ಹಾಕಿದ. ಐದು ವರ್ಷ ಬಿಡಲಿಲ್ಲ. 1575ರಲ್ಲಿ ಪೋರ್ಚುಗೀಸರು ಟೆರ್ನಾಟೆ ಬಿಟ್ಟು ಹೋದರು. ಯುರೋಪಿನ ಶಕ್ತಿಯೊಂದನ್ನು ಏಷ್ಯದ ಅರಸನೊಬ್ಬ ಹೊರದೂಡಿದ ಆರಂಭದ ಘಟನೆಗಳಲ್ಲಿ ಇದೊಂದು. ಟೆರ್ನಾಟೆಯ ವಿಮಾನ ನಿಲ್ದಾಣಕ್ಕೆ ಬಾಬುಲ್ಲಾನ ಹೆಸರಿದೆ. 2020ರಲ್ಲಿ ಇಂಡೊನೇಷ್ಯ ಅವನನ್ನು ರಾಷ್ಟ್ರವೀರ ಎಂದು ಘೋಷಿಸಿತು.

ಡಚ್ಚರ ಕೊಡಲಿ

ಮುಂದೆ ಬಂದ ಡಚ್ ಈಸ್ಟ್ ಇಂಡಿಯಾ ಕಂಪನಿ 1607ರಲ್ಲಿ ಟೆರ್ನಾಟೆಯಲ್ಲಿ ಕೋಟೆ ಕಟ್ಟಿತು. ಲವಂಗದ ಬೆಲೆ ಕೈಯಲ್ಲಿರಬೇಕಾದರೆ ಮರಗಳೂ ಕೈಯಲ್ಲಿರಬೇಕು. ಎಲ್ಲೆಡೆ ಬೆಳೆಯುವ ಮರಕ್ಕೆ ಕಾವಲು ಹಾಕುವುದು ಕಷ್ಟ. ಆದ್ದರಿಂದ 1652ರಲ್ಲಿ ಸುಲ್ತಾನ ಮಂದರ್‌ಶಾನೊಂದಿಗೆ ಒಂದು ಒಪ್ಪಂದವಾಯಿತು. ಅವನ ಸೀಮೆಯ ಲವಂಗದ ಮರಗಳನ್ನು ಕಡಿದುಹಾಕುವುದು. ಬದಲಿಗೆ ಸುಲ್ತಾನನಿಗೆ ವರ್ಷಾಶನ. ಕೃಷಿಯನ್ನು ದಕ್ಷಿಣದ ಅಂಬೋನ್ ಭಾಗಕ್ಕೆ ಸೀಮಿತಗೊಳಿಸಲಾಯಿತು. ಲವಂಗದ ತವರಿನಲ್ಲೇ ಲವಂಗ ನಿಷಿದ್ಧವಾಯಿತು! 1770ರ ಸುಮಾರಿಗೆ ಪಿಯರ್ ಪುವಾವ್ರ್ ಎಂಬ ಫ್ರೆಂಚ್ ಅಧಿಕಾರಿ ಗುಟ್ಟಾಗಿ ಸಸಿಗಳನ್ನು ಮಾರಿಷಸ್ಸಿಗೆ ತರಿಸಿಕೊಂಡ ಮೇಲೆ ಈ ಏಕಸ್ವಾಮ್ಯ ಮುರಿಯಿತು. ಟಿಡೋರೆಯ ರಾಜಕುಮಾರ ನುಕು 1780ರಿಂದ ಡಚ್ಚರ ವಿರುದ್ಧ ಹೋರಾಡಿ 1797ರಲ್ಲಿ ಟಿಡೋರೆಯನ್ನು ಗೆದ್ದುಕೊಂಡ. ಅವನು 1805ರಲ್ಲಿ ತೀರಿಕೊಂಡ ಮೇಲೆ ಹೋರಾಟದ ಬಲ ಕುಗ್ಗಿತು.

ಮಾತನ್ನು ಬರೆದಿಟ್ಟವರು

ಜೀವವಿಜ್ಞಾನ ಓದುವವರಿಗೆ ಟೆರ್ನಾಟೆ ಎಂದಕೂಡಲೇ ನೆನಪಾಗಬೇಕಾದ ಹೆಸರು ಆಲ್ಫ್ರೆಡ್ ರಸೆಲ್ ವಾಲೇಸ್. ನಿಸರ್ಗದ ಆಯ್ಕೆಯಿಂದ ಜೀವಿಗಳು ವಿಕಾಸಗೊಳ್ಳುತ್ತವೆ ಎಂಬ ತನ್ನ ಪ್ರಬಂಧವನ್ನು ಅವನು ‘ಟೆರ್ನಾಟೆ, ಫೆಬ್ರವರಿ 1858’ ಎಂದು ನಮೂದಿಸಿ ಡಾರ್ವಿನ್‌ಗೆ ಕಳುಹಿಸಿದ. ಅದೇ ವರ್ಷ ಜುಲೈ 1ರಂದು ಲಂಡನ್ನಿನ ಲಿನ್ನಿಯನ್ ಸೊಸೈಟಿಯಲ್ಲಿ ಡಾರ್ವಿನ್‌ನ ಬರಹದ ಜೊತೆ ಅದನ್ನು ಓದಲಾಯಿತು. ಆದರೆ ವಾಲೇಸ್ ಕೀಟ, ಹಕ್ಕಿಗಳ ಜೊತೆಗೆ ಪದಗಳನ್ನೂ ಸಂಗ್ರಹಿಸಿದನೆಂಬುದು ಅಷ್ಟಾಗಿ ಗೊತ್ತಿಲ್ಲ. ಅವನ ಪ್ರವಾಸ ಗ್ರಂಥದ ಕೊನೆಯಲ್ಲಿ ಈ ದ್ವೀಪಸಮೂಹದ ಹತ್ತಾರು ಭಾಷೆಗಳ ಪದಪಟ್ಟಿಗಳಿವೆ. ಟೆರ್ನಾಟೆ, ಟಿಡೋರೆ, ಗಲೇಲಾಗಳೂ ಅದರಲ್ಲಿವೆ.

1866ರಲ್ಲಿ ಡಚ್ ಮಿಶನರಿಗಳು ಗಲೇಲಾ ಪ್ರದೇಶದಲ್ಲಿ ನೆಲೆಯೂರಿದರು. ಧರ್ಮಪ್ರಚಾರಕ್ಕೆ ಜನರ ಮಾತು ಬೇಕಿತ್ತು. ನಮ್ಮಲ್ಲಿ ಕಿಟೆಲ್ ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದರೆ, ಅದರ ಮರುವರ್ಷ, 1895ರಲ್ಲಿ, ವಾನ್ ಬಾರ್ಡಾ ಗಲೇಲಾ ಪದಕೋಶವನ್ನು ಪ್ರಕಟಿಸಿದ. 1908ರಲ್ಲಿ ಹ್ಯೂಟಿಂಗ್‌ನ ಟೊಬೆಲೊ ನಿಘಂಟು ಬಂದಿತು. ಈ ಸಾಮಗ್ರಿಯೆಲ್ಲ ಸಿದ್ಧವಾದ ಮೇಲೆ, 1915ರಲ್ಲಿ, ವಾನ್ ದರ್ ವೇನ್ ಎಂಬ ವಿದ್ವಾಂಸ ಲೈಡನ್ನಿನಲ್ಲಿ ಸಲ್ಲಿಸಿದ ಪ್ರಬಂಧದಲ್ಲಿ ಈ ಭಾಷೆಗಳು ಆಸ್ಟ್ರೊನೇಷ್ಯನ್ ಕುಟುಂಬಕ್ಕೆ ಸೇರಿದವಲ್ಲವೆಂದು ವಿವರವಾಗಿ ತೋರಿಸಿದ. ಯುರೋಪಿನ ಮೊದಲ ಹಡಗು ಟೆರ್ನಾಟೆಗೆ ಬಂದು ಅಷ್ಟರಲ್ಲಿ 400 ವರ್ಷ ಕಳೆದಿತ್ತು. ಲವಂಗದ ಬೆಲೆ ತಿಳಿಯಲು ಒಂದು ದಿನ ಸಾಕಾಗಿತ್ತು; ಅದನ್ನು ಬೆಳೆದವರ ಮಾತನ್ನು ತಿಳಿಯಲು ನಾಲ್ಕು ಶತಮಾನ ಬೇಕಾಯಿತು.

ಅರಮನೆಯ ಭಾಷೆ, ಅಡವಿಯ ಭಾಷೆ

ಈಗ ನಾವು ಒಂದು ಕುತೂಹಲದ ಸಂಗತಿಗೆ ಬರೋಣ. ಗಲೇಲಾ, ಟೊಬೆಲೊಗಳಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಎಂದೆವಷ್ಟೆ. ಅವುಗಳದೇ ಸೋದರಿಯರಾದ ಟೆರ್ನಾಟೆ, ಟಿಡೋರೆಗಳಲ್ಲಿ ಹಾಗಿಲ್ಲ. ಅಲ್ಲಿ ಕ್ರಿಯಾಪದ ಮಧ್ಯಕ್ಕೆ ಬಂದಿದೆ: ‘ಅವನು ತಿಂದ ಮೀನು’ ಎಂಬ ಕ್ರಮ. ಮಲಯದಲ್ಲಿ ಇರುವುದೂ ಇದೇ ಕ್ರಮ. ಶತಮಾನಗಳ ಕಾಲ ಮಲಯದ ಜೊತೆಗೂ ಇತರ ಆಸ್ಟ್ರೊನೇಷ್ಯನ್ ಭಾಷೆಗಳ ಜೊತೆಗೂ ಒಡನಾಡಿದ್ದರಿಂದ ಈ ಎರಡು ಭಾಷೆಗಳ ಬೆನ್ನೆಲುಬೇ ತಿರುಗಿತು ಎಂದು ಭಾಷಾವಿಜ್ಞಾನಿಗಳು ಹೇಳುತ್ತಾರೆ.

ಪದಗಳ ಸಾಲ ಎಲ್ಲ ಭಾಷೆಗಳಲ್ಲೂ ಸಾಮಾನ್ಯ. ಕನ್ನಡದಲ್ಲಿ ಸಂಸ್ಕೃತ, ಪರ್ಷಿಯನ್, ಪೋರ್ಚುಗೀಸ್, ಇಂಗ್ಲಿಷ್ ಪದಗಳು ಸಾವಿರಾರು. ಆದರೂ ನಮ್ಮ ವಾಕ್ಯದ ಕಟ್ಟು ಕನ್ನಡದ್ದೇ. ವಾಕ್ಯದ ಕಟ್ಟೇ ಬದಲಾಗಬೇಕಾದರೆ ಬಹಳ ಜನ ಬಹಳ ಕಾಲ ಎರಡು ಭಾಷೆಗಳಲ್ಲಿ ಬದುಕಿರಬೇಕು. ಸಿಂಹಾಸನ, ಬಂದರು, ಸಂತೆ ಯಾರ ಬಳಿ ಇದ್ದವೋ ಅವರ ಭಾಷೆಯೇ ಹೆಚ್ಚು ಬದಲಾಯಿತು. ಅರಮನೆಯ ವೈಭವ ಕಾಣದ, ಹಾಲ್ಮಹೇರಾದ ಕಾಡಂಚಿನ ಟೊಬೆಲೊ ತನ್ನ ಹಳೆಯ ಕಟ್ಟನ್ನು ಉಳಿಸಿಕೊಂಡಿತು.

ಕಾಡಿನ ಭಾಷೆಯಲ್ಲಿ ಎಷ್ಟು ಜ್ಞಾನ ಅಡಗಿರುತ್ತದೆ ಎಂಬುದಕ್ಕೂ ಟೊಬೆಲೊ ಉದಾಹರಣೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ಪಾಲ್ ಮೈಕೆಲ್ ಟೇಲರ್ 1990ರಲ್ಲಿ ಟೊಬೆಲೊ ಜನರ ಜನಪದ ಜೀವವಿಜ್ಞಾನದ ಬಗ್ಗೆ ಒಂದು ಗ್ರಂಥ ಪ್ರಕಟಿಸಿದರು. ಮರ, ಬಳ್ಳಿ, ಸಣ್ಣ ಗಿಡ ಎಂದು ಮೊದಲು ವಿಂಗಡಿಸಿ, ಅವುಗಳೊಳಗೆ ಮತ್ತೆ ಜಾತಿ, ಉಪಜಾತಿ ಎಂದು ಹೆಸರಿಡುವ ಅವರ ಪದ್ಧತಿ ಅದರಲ್ಲಿ ದಾಖಲಾಗಿದೆ. ಪ್ರಯೋಗಾಲಯವಿಲ್ಲದೆ, ಬರಹವಿಲ್ಲದೆ, ಮಾತಿನಲ್ಲೇ ಕಟ್ಟಿಟ್ಟ ಒಂದು ವರ್ಗೀಕರಣ ಶಾಸ್ತ್ರ ಅದು. ಆ ಹೆಸರುಗಳನ್ನು ಕಲಿಯುವ ಮಕ್ಕಳಿಲ್ಲದಿದ್ದರೆ ಆ ಶಾಸ್ತ್ರವೂ ಇಲ್ಲ.

ಸಮೀಪದ ಕಾಲ

ಕಳೆದ ಐವತ್ತು ವರ್ಷಗಳು ಈ ಭಾಷಿಕರ ಪಾಲಿಗೆ ಸುಲಭವಾಗಿರಲಿಲ್ಲ. ಮಕಿಯಾನ್‌ನ ಜ್ವಾಲಾಮುಖಿ ಸಿಡಿಯಬಹುದೆಂಬ ಭಯದಿಂದ 1975ರಲ್ಲಿ ಸರ್ಕಾರ ಅಲ್ಲಿಯ ಬಹಳ ಜನರನ್ನು ಹಾಲ್ಮಹೇರಾದ ಮಾಲಿಫುತ್ ಎಂಬಲ್ಲಿಗೆ ಸ್ಥಳಾಂತರಿಸಿತು. ಜ್ವಾಲಾಮುಖಿ ಸಿಡಿದದ್ದು 1988ರಲ್ಲಿ. ಅಷ್ಟರಲ್ಲಿ ಹೊಸ ನೆಲದಲ್ಲಿ ಹೊಸ ತಕರಾರು ಹುಟ್ಟಿತ್ತು. ಆ ನೆಲ ಪಾಗು ಮುಂತಾದ ಸ್ಥಳೀಯರದು. 1999ರಲ್ಲಿ ಮಕಿಯಾನ್ ಜನರಿಗಾಗಿ ಪ್ರತ್ಯೇಕ ಉಪಜಿಲ್ಲೆ ರಚಿಸಿದಾಗ ಆ ವರ್ಷದ ಆಗಸ್ಟಿನಲ್ಲಿ ಹೊಡೆದಾಟ ಆರಂಭವಾಯಿತು. ಗಡಿಯ ಜಗಳ ಕೆಲವೇ ತಿಂಗಳಲ್ಲಿ ಧರ್ಮದ ಜಗಳವಾಗಿ ಇಡೀ ಉತ್ತರ ಮಲುಕುವಿಗೆ ಹಬ್ಬಿತು. ಬಹಳ ಜನ ಸತ್ತರು, ಸಾವಿರಾರು ಜನ ಮನೆ ಬಿಟ್ಟು ಓಡಿದರು. 2000ದ ಜೂನಿನಲ್ಲಿ ತುರ್ತುಪರಿಸ್ಥಿತಿ ಘೋಷಿಸಬೇಕಾಯಿತು.

ಇದರಲ್ಲಿ ಒಂದು ಪಾಠವಿದೆ. ಪಾಗು ಮತ್ತು ಪಶ್ಚಿಮ ಮಕಿಯಾನ್ ಒಂದೇ ಕುಟುಂಬದ ಭಾಷೆಗಳು. ಆದರೂ ಅವನ್ನಾಡುವವರು ಎದುರುಬದುರಾದರು. ಪಶ್ಚಿಮ ಮಕಿಯಾನ್ ಮತ್ತು ಪೂರ್ವ ಮಕಿಯಾನ್ ಬೇರೆ ಬೇರೆ ಕುಟುಂಬದವು. ಅವುಗಳ ಜನ ಒಂದೇ ಕಡೆ ನಿಂತರು. ದೂರದರ್ಶನದಲ್ಲಿ ನಕ್ಷೆ ತೋರಿಸುವಾಗ ಒಂದು ಭಾಷೆಗೆ ಒಂದು ಬಣ್ಣ ಬಳಿದು ಗಡಿ ಎಳೆಯುವುದು ನಮಗೆ ಅನುಕೂಲ. ಬದುಕಿನಲ್ಲಿ ಭಾಷೆ, ಧರ್ಮ, ನೆಲ, ಅಧಿಕಾರ ಇವುಗಳ ಗಡಿಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಭಾಷಾಕುಟುಂಬ ಎಂಬುದು ಭಾಷೆಗಳ ವಂಶಾವಳಿ, ಜನರ ಹಣೆಬರಹವಲ್ಲ.

ಇಂದು ಟೆರ್ನಾಟೆ ಪಟ್ಟಣದ ಬೀದಿಗಳಲ್ಲಿ ಕೇಳಿಬರುವುದು ಹೆಚ್ಚಾಗಿ ಟೆರ್ನಾಟೆ ಮಲಯ. ಶಾಲೆಯಲ್ಲಿ ಇಂಡೊನೇಷ್ಯನ್ ಭಾಷೆ. ಬಹಳ ಮನೆಗಳಲ್ಲಿ ಅಜ್ಜಿ ಒಂದು ಮಾತು, ಮೊಮ್ಮಗು ಇನ್ನೊಂದು ಮಾತು ಆಡುವ ಸ್ಥಿತಿ ಬಂದಿದೆ. ಪಾಗುವಿನಂಥ ಚಿಕ್ಕ ಭಾಷೆಗಳ ಸ್ಥಿತಿ ಇನ್ನೂ ಸೂಕ್ಷ್ಮ. ಇದೇ ಕುಟುಂಬದ ಇಬು ಎಂಬ ಭಾಷೆಯನ್ನು ಆಡುವವರು 1980ರ ದಶಕದಲ್ಲೇ ಬೆರಳೆಣಿಕೆಯ ವೃದ್ಧರಾಗಿದ್ದರು. ಈಗ ಅದನ್ನು ನಶಿಸಿದ ಭಾಷೆಗಳ ಪಟ್ಟಿಗೆ ಸೇರಿಸಲಾಗಿದೆ. ಹಾಲ್ಮಹೇರಾದ ಒಳಗಾಡಿನಲ್ಲಿ ‘ಹೊಙಾನಾ ಮನ್ಯಾವಾ’ ಎಂಬ ಜನರಿದ್ದಾರೆ. ಟೊಬೆಲೊ ಭಾಷೆಯಲ್ಲಿ ಹಾಗೆಂದರೆ ಕಾಡಿನ ಜನ. ವಿದ್ಯುತ್ ವಾಹನಗಳ ಬ್ಯಾಟರಿಗೂ ತುಕ್ಕುಹಿಡಿಯದ ಉಕ್ಕಿಗೂ ಬೇಕಾದ ನಿಕ್ಕಲ್ ಅದಿರು ಅವರ ಕಾಡಿನ ಕೆಳಗಿದೆ. ಅಂದು ಮರ ಕಡಿದದ್ದು ಲವಂಗಕ್ಕಾಗಿ. ಇಂದು ಕಡಿಯುತ್ತಿರುವುದು ನಿಕ್ಕಲ್‌ಗಾಗಿ.

ಭಾಷೆಯೊಂದು ಉಳಿಯಲು ಸಿಂಹಾಸನ ಸಾಲದು, ಟೆರ್ನಾಟೆಗೆ ಸಿಂಹಾಸನವಿತ್ತು. ಹಣ ಸಾಲದು, ಟಿಡೋರೆಯ ಲವಂಗಕ್ಕೆ ಲೋಕವೇ ಹಣ ಸುರಿದಿತ್ತು. ನಿಘಂಟು ಕೂಡ ಅದನ್ನು ನೆನಪಿನಲ್ಲಿಡಬಲ್ಲದೇ ಹೊರತು ಬದುಕಿಸಲಾರದು. ಮನೆಯಲ್ಲಿ ಮಗುವಿನ ಬಾಯಿಗೆ ಅದು ಬಂದರೆ ಮಾತ್ರ ಇನ್ನೊಂದು ತಲೆಮಾರು ಉಳಿದಂತೆ.

1999ರಲ್ಲಿ ರಚನೆಯಾದ ಉತ್ತರ ಮಲುಕು ಪ್ರಾಂತ್ಯ ತನ್ನ ಲಾಂಛನಕ್ಕೆ ಆರಿಸಿಕೊಂಡ ಧ್ಯೇಯವಾಕ್ಯ ಮಲಯದಲ್ಲಿಲ್ಲ, ಟೆರ್ನಾಟೆ ಭಾಷೆಯಲ್ಲಿದೆ: ‘ಮರಿಮೋಯಿ ಙೋನೆ ಫುತುರು’. ಒಂದಾಗಿದ್ದರೆ ನಾವು ಬಲಿಷ್ಠರು ಎಂಬ ಅರ್ಥ. ಇಲ್ಲಿರುವ ‘ನಾವು’ ಯಾವುದು ಗಮನಿಸಿ. ನಿನ್ನನ್ನು ಹೊರಗಿಟ್ಟ ‘ಙೋಮಿ’ ಅಲ್ಲ. ಎದುರಿಗಿರುವ ನಿನ್ನನ್ನೂ ಸೇರಿಸಿಕೊಂಡ ‘ಙೋನೆ’.